ಬೈಗುಳವು ಯಾರಿಗೆ ತಗಲುವದು?

ಬೈಗುಳವನ್ನು ಕುರಿತು ಲೇಖನ ಬರೆಯುವದು ಸಭ್ಯರಿಗೆ ಒಪ್ಪತಕ್ಕ ಕೆಲಸವೇ ಎಂದು ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ನಮ್ಮ ಪೂರ್ವಾಚಾರ್ಯರಿಗೆ ಈ ವಿಷಯದಲ್ಲಿ ನಮ್ಮಷ್ಟು ಸಂಕೋಚವಿರಲಿಲ್ಲ. ಭಗವಾನ್ ಪಾಣಿನಿಯು ತನ್ನ ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಬೈಗುಳಕ್ಕಾಗಿಯೇ ಒಂದು ಸೂತ್ರವನ್ನು ಮೀಸಲಾಗಿಟ್ಟಿರುವನು. ಅದು ಆ ಪಾದದ 21ನೆಯ ಸೂತ್ರ. ಸಮಾಸದಲ್ಲಿ ಪೂರ್ವಪದದ ವಿಭಕ್ತಿಪ್ರತ್ಯಯವು ಲೋಪವಾಗುವದು ಸಾಮಾನ್ಯ ನಿಯಮ; ಆದರೆ ಒಬ್ಬನನ್ನು ಬೈಯುವ ಸಂದರ್ಭದಲ್ಲಿ ಷಷ್ಠೀ ವಿಭಕ್ತಿಯು ಲೋಪವಾಗದೆ ಉಳಿಯುವದು ಎಂಬುದು ಆ ಸೂತ್ರದ ತಾತ್ಪರ್ಯ. ಮುಂದಿನ ಸೂತ್ರದಲ್ಲಿ, ಉತ್ತರಪದವು 'ಪುತ್ರ' ಎಂದಿದ್ದರೆ ಈ ನಿಯಮವು ವಿಕಲ್ಪವೆಂದು ಹೇಳಲ್ಪಟ್ಟಿದೆ. ಅದಕ್ಕೆ ವೃತ್ತಿಕಾರರು ಕೊಡುವ ಉದಾಹರಣೆಯೆಂದರೆ 'ದಾಸ್ಯಾಃಪುತ್ರ' ಅಥವಾ 'ದಾಸೀಪುತ್ರ'.

ಪಾಠಶಾಲೆಯಲ್ಲಿ ನಾವು ಹುಡುಗರು ಈ ಉದಾಹರಣೆಯನ್ನು ನಗುತ್ತ ಕಂಠಪಾಠ ಮಾಡಿದೆವು. ಬೈಯಿಸಿಕೊಳ್ಳುವವನು ಪುತ್ರನು, ಆದರೆ ಬೈಗುಳದ ವಿಷವೆಲ್ಲ ತುಂಬಿರುವದು ಷಷ್ಠಿಯಲ್ಲಿ, ಎಂದರೆ ಅಲ್ಲಿ ಇಲ್ಲದ ದಾಸಿಯಲ್ಲಿ, ಎಂಬ ಸಂಗತಿಯು ನಮಗಾರಿಗೂ ಹೊಳೆಯಲಿಲ್ಲ. ಅದು ಹೊಳೆಯಬೇಕಾದರೆ ನನಗೆ ಮುಂದೆ ಹದಿನೈದು ವರ್ಷಗಳು ಹಿಡಿದವು. ಹೊಳೆಯಿಸಿದವಳು ಅಕ್ಷರ ಬಾರದ ಒಬ್ಬ ತಾಯಿ.

ನಾನು ಈ ಭಾಗದ ಒಂದು ಹಳ್ಳಿಯ ಶಾಲೆಯಲ್ಲಿ ಮಾಸ್ತರನಾಗಿದ್ದ ಕಾಲ. ಊರಿನ ಒಬ್ಬ ದೊಡ್ಡ ಕುಳದ ಮಗನು, ಕಬ್ಬಿನ ತೋಟ, ಎತ್ತು, ಟ್ರ್ಯಾಕ್ಟರುಗಳ ನಡುವೆ ಬೆಳೆದ ಹುಡುಗನು, ಜೊತೆಯವನ ಪುಸ್ತಕವನ್ನು ಹರಿದು ಬಾವಿಗೆ ಎಸೆದಿದ್ದನು. ಸಿಟ್ಟಿನ ಭರದಲ್ಲಿ ನಾನು ಅವನಿಗೆ 'ಸೂಳೆಮಗನೆ' ಎಂದು ಬೈದೆನು. ಆ ಹುಡುಗನಿಗೆ ಏನೂ ಆಗಲಿಲ್ಲ. ತಂದೆಯ ಹೆಸರು, ತಾಯಿಯ ಕೊರಳ ತಾಳಿ, ಮನೆತನದ ಅಡ್ಡಹೆಸರು ಎಲ್ಲವೂ ಅವನಿಗೆ ಭದ್ರವಾಗಿದ್ದವು. ಆ ಮಾತು ಎಮ್ಮೆಯ ಮೈಮೇಲೆ ಬಿದ್ದ ಮಳೆಯಂತೆ ಜಾರಿಹೋಯಿತು. ಆದರೆ ಮೂರನೆಯ ಸಾಲಿನಲ್ಲಿ ಕುಳಿತ ಇನ್ನೊಬ್ಬ ಹುಡುಗನು ತಲೆ ಕೆಳಗೆ ಹಾಕಿದನು. ಅವನ ತಾಯಿಗೆ ಎಳೆಯ ವಯಸ್ಸಿನಲ್ಲಿ ಮುತ್ತು ಕಟ್ಟಿದ್ದರು. ಹಾಜರಿಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ತಾಯಿಯ ಹೆಸರೊಂದೇ ಇತ್ತು. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನಾನು ಅವರ ಮನೆಗೆ ಹೋದೆನು. ಆ ತಾಯಿಯು ನನಗೆ ಕುಳ್ಳಿರಲು ಚಾಪೆ ಹಾಸಿ, ತಾನು ಬಾಗಿಲ ಬದಿಯಲ್ಲಿ ನಿಂತು, "ಮಾಸ್ತರ್ರೀ, ನೀವು ಬೈದದ್ದು ಗೌಡರ ಮಗಗರೀ. ಅಂವಗ ಅದು ಸುಳ್ಳ ಮಾತಾತು. ನನ್ನ ಮಗಗ ಖರೇ ಮಾತಾತರೀ" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ತಪ್ಪಾತವ್ವಾ" ಎಂದು ನಾನು ಹೇಳಿದೆನು. ಹುಡುಗನು ಎಂಟು ದಿವಸಗಳ ಮೇಲೆ ಬಂದನು. ಆದರೆ ಆ ವರ್ಷವೆಲ್ಲ ನಾನು ಪ್ರಶ್ನೆ ಕೇಳಿದಾಗ ಅವನು ನನ್ನ ಮುಖವನ್ನು ನೋಡಲಿಲ್ಲ. ವರ್ಷದ ಕೊನೆಗೆ ಶಾಲೆಯನ್ನೇ ಬಿಟ್ಟನು.

ಆ ತಾಯಿಯ ಮಾತು ಒಂದು ದೊಡ್ಡ ಸಿದ್ಧಾಂತವೆಂದು ನನಗೆ ಅಂದಿನಿಂದಲೂ ತೋರುತ್ತಿರುವದು. ಅದನ್ನು ಶಾಸ್ತ್ರದ ಪರಿಭಾಷೆಯಲ್ಲಿ ಹೀಗೆ ಹೇಳಬಹುದು. ಬೈಗುಳವು ಒಂದು ಬಗೆಯ ಉಪಮೆ. ಬೈಯಿಸಿಕೊಳ್ಳುವವನು ಉಪಮೇಯ, ಯಾವ ಕೀಳಾದ ವಸ್ತುವಿಗೆ ಅವನನ್ನು ಹೋಲಿಸುವರೋ ಅದು ಉಪಮಾನ. ಮುಖವನ್ನು ಚಂದ್ರನಿಗೆ ಹೋಲಿಸಬೇಕಾದರೆ ಚಂದ್ರನು ಸುಂದರನೆಂಬುದು ಹೇಳುವವನಿಗೂ ಕೇಳುವವನಿಗೂ ಮೊದಲೇ ಸಮ್ಮತವಾಗಿರಬೇಕು. ಅಂತೆಯೇ ಒಬ್ಬನನ್ನು ದಾಸಿಯ ಮಗನೆಂದು ಬೈದಾಗ ಅದು ಬೈಗುಳವಾಗಬೇಕಾದರೆ, ದಾಸಿಯು ಕೀಳೆಂಬುದು ಬೈಯುವವನಿಗೂ ಬೈಯಿಸಿಕೊಳ್ಳುವವನಿಗೂ ಮೊದಲೇ ಸಮ್ಮತವಾಗಿರಬೇಕು. ಹೊಲದ ಬದುವಿನ ಮೇಲೆ ನಿಂತು ಇಬ್ಬರು ಕಾದಾಡುತ್ತಿರುವರು. ಉಳಿದ ಎಲ್ಲ ವಿಷಯಗಳಲ್ಲಿ ಅವರಿಗೆ ವೈರ. ಒಂದೇ ಒಂದು ವಿಷಯದಲ್ಲಿ ಅವರಿಗೆ ಪೂರ್ಣ ಒಮ್ಮತ. ಆ ಒಮ್ಮತವೇನೆಂದರೆ, ಅಲ್ಲಿ ಇಲ್ಲದ ಮೂರನೆಯ ವ್ಯಕ್ತಿಯೊಬ್ಬಳು ಹೇಯಳು ಎಂಬುದು. ಉಪಮೇಯನಾದವನು 'ನಾನು ಅಂಥವನಲ್ಲ' ಎಂದು ಹೇಳಿ ಮೈ ಕೊಡವಿಕೊಳ್ಳುವನು. ಉಪಮಾನವಾದವಳಿಗೆ ಆ ಮಾರ್ಗವಿಲ್ಲ.

ಈ ಸಂಗತಿಯು ಎಷ್ಟು ಪುರಾತನವೆಂಬುದಕ್ಕೆ ಐತರೇಯ ಬ್ರಾಹ್ಮಣದಲ್ಲಿಯ ಕವಷ ಐಲೂಷನ ಕಥೆಯು ಸಾಕ್ಷಿ. ಸರಸ್ವತೀ ತೀರದಲ್ಲಿ ಋಷಿಗಳು ಸತ್ರವನ್ನು ನಡೆಸುತ್ತಿದ್ದರು. ಕವಷನು ಅಲ್ಲಿಗೆ ಬಂದಾಗ ಅವನನ್ನು ದಾಸಿಯ ಮಗನೆಂದೂ ಜೂಜುಗಾರನೆಂದೂ ಜರೆದು, ನೀರಡಿಸಿ ಸಾಯಲೆಂದು ಮರುಭೂಮಿಗೆ ಅಟ್ಟಿದರು. ಬಾಯಾರಿದ ಕವಷನಿಗೆ ಅಲ್ಲಿ ಅಪೋನಪ್ತ್ರೀಯವೆಂಬ ಸೂಕ್ತದ ದರ್ಶನವಾಯಿತು. ಸರಸ್ವತಿಯು ತಾನಾಗಿ ಹರಿದುಬಂದು ಅವನನ್ನು ಸುತ್ತುವರಿದಳು. ಆಗ ಋಷಿಗಳು ತಮ್ಮ ತಪ್ಪನ್ನು ತಿಳಿದು ಅವನನ್ನು ಮರಳಿ ಕರೆದರು. ಆ ಸೂಕ್ತವು ಋಗ್ವೇದದ ಹತ್ತನೆಯ ಮಂಡಲದಲ್ಲಿ ಇಂದಿಗೂ ಕವಷನ ಹೆಸರಿನಿಂದಲೇ ಇರುವದು. ಈ ಕಥೆಯನ್ನು ಹೇಳಿ ನಾವು ವೈದಿಕರು ಹೆಮ್ಮೆಪಡುತ್ತೇವೆ. ಹೆಮ್ಮೆಗೆ ಕಾರಣವೂ ಇದೆ. ಆದರೆ ಕವಷನಿಗೆ ನ್ಯಾಯ ದೊರೆಯಿತೇ ಹೊರತು ಅವನ ತಾಯಿಗೆ ದೊರೆಯಲಿಲ್ಲ. ಕವಷನು ದೊಡ್ಡವನೆಂದು ಋಷಿಗಳು ಒಪ್ಪಿದರು. 'ದಾಸಿಯ ಮಗ' ಎಂಬುದು ಬೈಗುಳವಲ್ಲವೆಂದು ಒಪ್ಪಿದಂತೆ ಕಾಣುವದಿಲ್ಲ. ಅದು ಬೈಗುಳವಾಗಿಯೇ ಉಳಿದು ಪಾಣಿನಿಯ ಕಾಲಕ್ಕೆ ವ್ಯಾಕರಣದ ನಿಯಮವಾಯಿತು. ಮೃಚ್ಛಕಟಿಕ ನಾಟಕದಲ್ಲಿ ವಸಂತಸೇನೆಯು ತನ್ನ ದಾಸಿಯಾದ ಮದನಿಕೆಯನ್ನು ಬಿಡುಗಡೆ ಮಾಡಿ ಶರ್ವಿಲಕನಿಗೆ ವಧುವಾಗಿ ಒಪ್ಪಿಸುವ ಪ್ರಸಂಗವು ಎಂಥವರ ಮನಸ್ಸನ್ನಾದರೂ ಕರಗಿಸುವಂಥದು. ಆದರೆ ಅದೇ ನಾಟಕದ ವಿದೂಷಕನ ಬಾಯಲ್ಲಿ 'ದಾಸ್ಯಾಃಪುತ್ರ' ಎಂಬ ಮಾತು ಅಡಿಗಡಿಗೆ ಬರುವದು. ಕವಿಯು ದಾಸಿಯನ್ನು ಬಿಡಿಸಿದನು, ಶಬ್ದವನ್ನು ಬಿಡಿಸಲಿಲ್ಲ.

ಇದಕ್ಕೆ ಪ್ರತಿಯಾಗಿ ಛಾಂದೋಗ್ಯೋಪನಿಷತ್ತಿನ ಸತ್ಯಕಾಮನ ಕಥೆಯನ್ನು ನೋಡಬೇಕು. ಗುರುಕುಲಕ್ಕೆ ಹೋಗಲಿರುವ ಮಗನು ತನ್ನ ಗೋತ್ರವನ್ನು ಕೇಳಿದಾಗ, ತಾನು ಯೌವನದಲ್ಲಿ ಹಲವು ಕಡೆ ಸೇವೆ ಮಾಡಿಕೊಂಡಿದ್ದೆನೆಂದೂ, ಗೋತ್ರವನ್ನು ತಾನರಿಯೆನೆಂದೂ, ಜಬಾಲೆಯ ಮಗನಾದ ಸತ್ಯಕಾಮನೆಂದೇ ಹೇಳಬೇಕೆಂದೂ ತಾಯಿಯು ತಿಳಿಸಿದಳು. ಹಾರಿದ್ರುಮತ ಗೌತಮನ ಮುಂದೆ ಹುಡುಗನು ಇದ್ದುದನ್ನು ಇದ್ದಂತೆ ಹೇಳಿದನು. ಗುರುವು ಅವನ ಸತ್ಯವನ್ನೇ ಕುಲವೆಂದು ಎಣಿಸಿ ಉಪನಯನ ಮಾಡಿದನು. ಸತ್ಯಕಾಮ ಜಾಬಾಲನೆಂದು ತಾಯಿಯ ಹೆಸರಿನಿಂದಲೇ ಅವನು ಪ್ರಸಿದ್ಧನಾದನು. ತಾಯಿಯ ಹೆಸರೊಂದೇ ಬರೆದ ಹಾಜರಿಪಟ್ಟಿಯು ನಮ್ಮ ದೇಶದಲ್ಲಿ ಅಷ್ಟು ಹಳೆಯದು. ಗೌತಮನು ಆ ಹುಡುಗನನ್ನು ಬರಮಾಡಿಕೊಂಡ ಬಗೆಯನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೆನು. ನನ್ನ ವರ್ಗದಲ್ಲಿಯೇ ಜಬಾಲೆಯ ಮಗನು ಕುಳಿತಿದ್ದಾಗ ಗುರುತಿಸದೆ ಹೋದೆನು.

ಬೈಗುಳವಾದ ಶಬ್ದಗಳೆಲ್ಲ ಮೂಲದಲ್ಲಿ ಕೆಟ್ಟವೇ ಆಗಿದ್ದವೆಂದು ತಿಳಿಯಬಾರದು. 'ಸೂಳೆ' ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಬಾದಾಮಿಯ ಹತ್ತಿರದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ (696–733) ಒಂದು ಕನ್ನಡ ಶಾಸನವಿರುವದು. ಆ ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿಯು ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಅರ್ಪಿಸಿದುದನ್ನು ಅದು ತಿಳಿಸುತ್ತದೆ. ಅವಳನ್ನು ಈ ಶಬ್ದದಿಂದಲೇ, ಅದೂ ಗೌರವದ ಬಹುವಚನದಲ್ಲಿ ನಿರ್ದೇಶಿಸಿ, ಅವಳ ತಾಯಿಯ ಮತ್ತು ಅಜ್ಜಿಯ ಹೆಸರುಗಳನ್ನು ವಂಶಾವಳಿಯಂತೆ ಕೊಟ್ಟಿದೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಸೂಳೆ ಸಂಕವ್ವೆಯೆಂಬವಳು 'ನಿರ್ಲಜ್ಜೇಶ್ವರ' ಎಂಬ ಅಂಕಿತದಿಂದ ವಚನ ಹೇಳಿದವಳು. ಅವಳ ಹೆಸರಿನೊಡನೆಯೇ ಆ ಶಬ್ದವು ನಿಂತಿದೆ. ಶಾಸನದ ಕಲ್ಲಿನ ಮೇಲೆ ಬಹುವಚನದಲ್ಲಿದ್ದ ಶಬ್ದವು ಬೀದಿಯ ಜಗಳದ ಏಕವಚನಕ್ಕೆ ಇಳಿದುದು ಹೇಗೆ? ಆ ವೃತ್ತಿಯವರ ಕೈಯಲ್ಲಿದ್ದ ಭೂಮಿ, ವಿದ್ಯೆ, ರಾಜಾಶ್ರಯಗಳು ಹೋಗಿ, ದೇವರ ಹೆಸರಿನಲ್ಲಿ ಬಿಡಲ್ಪಡುವ ಹುಡುಗಿಯರು ಬಡವರಲ್ಲಿ ಬಡವರ ಮಕ್ಕಳಾದಂತೆ, ಶಬ್ದವೂ ಅವರೊಡನೆ ಕೆಳಗಿಳಿಯಿತು. ಜನರನ್ನು ಮೊದಲು ತುಳಿದು, ಆಮೇಲೆ ಅವರ ಹೆಸರನ್ನು ಉಗುಳುವದು ಲೋಕದ ರೀತಿ.

ಇಲ್ಲಿ ಒಂದು ವಿಚಿತ್ರವಾದ ಹೋಲಿಕೆಯುಂಟು. ಪಾಣಿನಿಯ ಅದೇ ಸೂತ್ರದ ಕೆಳಗೆ 'ದೇವಾನಾಂಪ್ರಿಯ' ಎಂಬ ಶಬ್ದವೂ ಬರುವದು. ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯ ಪ್ರಕಾರ ಅದಕ್ಕೆ ಮೂರ್ಖನೆಂದು ಅರ್ಥ. ಆದರೆ ಅದು ಮೌರ್ಯ ಚಕ್ರವರ್ತಿಯ ಬಿರುದು. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಆ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದ್ದುದರಿಂದ ದೇವಾನಾಂಪ್ರಿಯನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಹೀಗೆ ಚಕ್ರವರ್ತಿಯ ಬಿರುದೂ ಬೈಗುಳವಾಯಿತು, ದಾಸಿಯ ಹೆಸರೂ ಬೈಗುಳವಾಯಿತು. ಆದರೆ ಚಕ್ರವರ್ತಿಗೆ ಅದರಿಂದ ಕೂದಲೂ ಕೊಂಕಲಿಲ್ಲ. ಏಕೆಂದರೆ ಅವನು ತನ್ನ ಮಾತನ್ನು ಬಂಡೆಗಳ ಮೇಲೆ ಕೊರೆಯಿಸಿ ಹೋಗಿದ್ದನು. ಮತ್ತು ಆ ಬಿರುದನ್ನು ಹೊತ್ತು ಊರಲ್ಲಿ ತಿರುಗಾಡುವ ಜನರಾರೂ ಉಳಿದಿರಲಿಲ್ಲ. ಇದರಿಂದ, ಬೈಗುಳವು ಮೂರನೆಯವರನ್ನು ಗಾಯಗೊಳಿಸುವದಕ್ಕೆ ಮೂರು ಲಕ್ಷಣಗಳು ಬೇಕೆಂದು ಕಾಣುವದು: ಆ ಹೆಸರನ್ನು ಹೊತ್ತವರು ಬದುಕಿರಬೇಕು, ಅವರು ನೆರೆಹೊರೆಗೆ ಗುರುತು ಸಿಗುವಂತಿರಬೇಕು, ಮತ್ತು ಮಾತಿಗೆ ಮರುಮಾತು ಕೊಡುವ ಶಕ್ತಿಯು ಅವರಿಗಿಲ್ಲದಿರಬೇಕು. ಈ ಮೂರೂ ಕೂಡಿದಲ್ಲಿ ಬೈಗುಳವು ಗುರಿಯನ್ನು ಬಿಟ್ಟು ಅವರಿಗೇ ನಾಟುವದು.

ಈ ಮೂರು ಲಕ್ಷಣಗಳೂ ನಮ್ಮ ಸೀಮೆಯಲ್ಲಿ ಕೂಡಿಬಂದಿರುವವು. ಸವದತ್ತಿಯ ಎಲ್ಲಮ್ಮನ ಗುಡ್ಡವಾಗಲಿ, ಅಥಣಿ ತಾಲೂಕಿನ ಕೋಕಟನೂರಿನ ಎಲ್ಲಮ್ಮನ ಜಾತ್ರೆಯಾಗಲಿ ನಮಗೆ ದೂರದವಲ್ಲ. ಮನೆಯಲ್ಲಿ ಬೇನೆ ಬಂದಿತೆಂದೋ, ಹುಡುಗಿಯ ತಲೆಯಲ್ಲಿ ಜಡೆ ಗಂಟುಗಟ್ಟಿತೆಂದೋ, ಗಂಡುಸಂತಾನವಿಲ್ಲವೆಂದೋ ಏನೂ ಅರಿಯದ ಕೂಸಿಗೆ ಮುತ್ತು ಕಟ್ಟುತ್ತಿದ್ದರು. ಕಟ್ಟಿಸಿದವರು ಹಿರಿಯರು, ಕಟ್ಟಿದವರು ಪೂಜಾರಿಗಳು, ಆಮೇಲೆ ಮನೆಗೆ ಬಂದು ಹೋದವರು ಊರಿನ ಉಳ್ಳವರು. ಇವರಾರ ಹೆಸರೂ ಬೈಗುಳವಾಗಲಿಲ್ಲ. ಯಾವದರಲ್ಲಿಯೂ ತನ್ನ ಇಚ್ಛೆ ನಡೆಯದ ಆ ಹುಡುಗಿಯ ಹೆಸರೇ ಬೈಗುಳವಾಯಿತು. ನಮ್ಮ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದಾಗ 1934ರಲ್ಲಿ ದೇವದಾಸಿಯರ ರಕ್ಷಣೆಯ ಕಾಯದೆಯು ಬಂದಿತು. 1982ರಲ್ಲಿ ಕರ್ನಾಟಕದ ವಿಧಾನಮಂಡಲವು ಮುತ್ತು ಕಟ್ಟುವದನ್ನು ನಿಷೇಧಿಸುವ ಕಾಯದೆಯನ್ನು ಮಾಡಿತು. 2025ರಲ್ಲಿ ಇನ್ನೊಂದು ಶಾಸನವನ್ನು ಅಂಗೀಕರಿಸಿ, ಇವರ ಮಕ್ಕಳಿಗೆ ಅರ್ಜಿಗಳಲ್ಲಿ ತಂದೆಯ ಹೆಸರಿನ ಬಲವಂತವಿರಬಾರದೆಂಬ ವಿಚಾರವನ್ನೂ ಅದರಲ್ಲಿ ಸೇರಿಸಿತು. ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರು ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡವರು. ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಮೂಲಕ ತಮ್ಮಂಥ ಸಾವಿರಾರು ಹೆಂಗಸರನ್ನು ಸಂಘಟಿಸಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಕಬ್ಬೂರಿನ ಸಂತೆಯಲ್ಲಿ ನಿಂತು ಯಾವನಾದರೂ ಈ ಬೈಗುಳವನ್ನು ಎತ್ತುವಾಗ ತಾನು ಯಾರ ಊರಿನಲ್ಲಿ ನಿಂತಿರುವೆನೆಂಬುದನ್ನು ನೆನೆಯಬೇಕು.

ಇನ್ನೊಂದು ಬಗೆಯ ಬೈಗುಳವು ನಮ್ಮ, ಎಂದರೆ ಮಡಿವಂತರೆನಿಸಿಕೊಳ್ಳುವವರ, ಮನೆಗಳೊಳಗಿಂದಲೇ ಹುಟ್ಟಿದುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಜನರಾದ ನಾವು ಎರಡು ಭಾಷೆ ಆಡುವವರು. ಎರಡೂ ಭಾಷೆಗಳಲ್ಲಿ ಬೈಯುವವರು. ಕನ್ನಡದಲ್ಲಿ 'ಬೋಳಿಮಗ', 'ಮುಂಡೆಮಗ' ಎನ್ನುವೆವು. ಮರಾಠಿಯಲ್ಲಿ 'ರಾಂಡೇಚ್ಯಾ' ಎನ್ನುವೆವು. ಮುಂಡವೆಂದರೆ ಸಂಸ್ಕೃತದಲ್ಲಿ ಬೋಳಿಸಿದ ತಲೆ, ಅದರಿಂದ ಮುಂಡೆ. ಬೋಳಾದ ತಲೆಯವಳು ಬೋಳಿ. ರಂಡಾ ಎಂದರೂ ವಿಧವೆಯೇ. ಮೂರು ಶಬ್ದಗಳು, ಎರಡು ಭಾಷೆಗಳು, ಗಾಯವಾಗುವದು ಒಬ್ಬಳಿಗೇ. ಗಂಡನು ಸತ್ತುದು ಅವಳ ಅಪರಾಧವಲ್ಲ. ತಲೆ ಬೋಳಿಸಿದವರು ನಾವು. ಬೋಳಿಸಿದ ಮೇಲೆ ಅದನ್ನೇ ಬೈಗುಳವಾಗಿ ಮಾಡಿಕೊಂಡವರೂ ನಾವೇ.

ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಅಜ್ಜನ ತಂಗಿಯೊಬ್ಬಳಿದ್ದಳು. ಮಕ್ಕಳೆಲ್ಲ ಅವಳನ್ನು ಮಡಿ ಅಜ್ಜಿಯೆನ್ನುತ್ತಿದ್ದೆವು. ಹನ್ನೆರಡನೆಯ ವರ್ಷದಲ್ಲಿ ವಿಧವೆಯಾಗಿ, ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಹೊದ್ದು, ಐವತ್ತು ವರ್ಷ ಆ ಮನೆಯ ಒಲೆಯ ಮುಂದೆ ಕುಳಿತವಳು. ಪಡಸಾಲೆಯಲ್ಲಿ ಗಂಡಸರು ಪಾಲಿನ ವ್ಯವಹಾರಕ್ಕೆ ಜಗಳ ತೆಗೆದು ಒಬ್ಬರನ್ನೊಬ್ಬರು 'ಬೋಳಿಮಗನೆ' ಎಂದು ಕೂಗಾಡುವಾಗ ಅವಳು ಒಳಗೆ ಅನ್ನ ಬಸಿಯುತ್ತಿದ್ದಳು. ಜಗಳ ಮುಗಿದ ಮೇಲೆ ಅವರಿಗೇ ಬಡಿಸುತ್ತಿದ್ದಳು. ಬೈದವನೂ ಬೈಯಿಸಿಕೊಂಡವನೂ ಉಂಡು ಕೈತೊಳೆದು ಮಾತಾಡಿಕೊಂಡು ಹೋಗುತ್ತಿದ್ದರು. ಮಗುವನ್ನೇ ಹಡೆಯದ ಅವಳು ಹೀಗೆ ದಿನಾಲು ಯಾರು ಯಾರಿಗೋ ತಾಯಿಯೆನಿಸಿಕೊಳ್ಳಬೇಕಾಗಿತ್ತು.

ಇತಿಹಾಸದಲ್ಲಿ ಈ ಅನ್ಯಾಯವನ್ನು ಕಂಡವರು ಇದ್ದರು. ವಿಧವಾ ವಿವಾಹದ ಕಾಯದೆಯು 1856ರಲ್ಲಿಯೇ ಬಂದಿದ್ದರೂ ಕಾಯದೆಯು ತಲೆಯ ಕೂದಲನ್ನು ಉಳಿಸಲಿಲ್ಲ. 1890ರಲ್ಲಿ ಮುಂಬಯಿಯ ಕ್ಷೌರಿಕರು ಇನ್ನು ಮೇಲೆ ವಿಧವೆಯರ ತಲೆ ಬೋಳಿಸುವದಿಲ್ಲವೆಂದು ಮುಷ್ಕರ ಹೂಡಿದರು. ಕಾರ್ಮಿಕರ ಮುಂದಾಳಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ಅವರನ್ನು ಸಂಘಟಿಸಿದರು. ಕ್ಷೌರಿಕನ ಜಾತಿಯ ಹೆಸರನ್ನೂ ನಾವು ಬೈಗುಳವಾಗಿ ಬಳಸುವವರಷ್ಟೆ. ಬೈಗುಳವಾದ ಒಂದು ಜನವು ಬೈಗುಳವಾದ ಇನ್ನೊಂದು ಜನದ ಪರವಾಗಿ ಕತ್ತಿಯನ್ನು ಕೆಳಗಿಟ್ಟಿತು. ಶಾಸ್ತ್ರ ಬಲ್ಲ ನಾವು ಆ ಕೆಲಸವನ್ನು ಮಾಡಲಿಲ್ಲ. ಅದಕ್ಕೂ ಮೊದಲು, 1863ರಲ್ಲಿ, ಜೋತಿರಾವ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಪುಣೆಯಲ್ಲಿ ಗರ್ಭಿಣಿಯರಾದ ವಿಧವೆಯರಿಗೆ ಆಶ್ರಯ ಕೊಟ್ಟು ಶಿಶುಹತ್ಯೆಯನ್ನು ತಡೆಯುವ ಗೃಹವೊಂದನ್ನು ತೆರೆದರು. ಅಲ್ಲಿಗೆ ಬಂದ ಬ್ರಾಹ್ಮಣ ವಿಧವೆಯೊಬ್ಬಳ ಮಗನನ್ನು ತಮ್ಮ ಮಗನಾಗಿ ಸಾಕಿದರು. ಆ ಯಶವಂತನು ಬೆಳೆದು ವೈದ್ಯನಾದನು. 1897ರ ಪ್ಲೇಗಿನ ಕಾಲದಲ್ಲಿ ಸಾವಿತ್ರಿಬಾಯಿಯವರು ಅವನೊಡನೆ ರೋಗಿಗಳ ಸೇವೆ ಮಾಡುತ್ತಲೇ ತಾವೂ ಪ್ಲೇಗಿಗೆ ತುತ್ತಾದರು. 'ಬೋಳಿಮಗ' ಎಂಬ ಶಬ್ದಕ್ಕೆ ಅಕ್ಷರಶಃ ಅರ್ಥವನ್ನು ಹುಡುಕುವವರು ಈ ಯಶವಂತನನ್ನು ನೆನೆಯಬೇಕು. ನಮ್ಮ ಕನ್ನಡದಲ್ಲಿಯೂ 1899ರಷ್ಟು ಹಿಂದೆಯೇ ಗುಲ್ವಾಡಿ ವೆಂಕಟರಾಯರು ತಮ್ಮ 'ಇಂದಿರಾಬಾಯಿ' ಕಾದಂಬರಿಯಲ್ಲಿ ವಿಧವೆಯೊಬ್ಬಳನ್ನು ನಾಯಿಕೆಯನ್ನಾಗಿ ಮಾಡಿ ಮರುಮದುವೆ ಮಾಡಿಸಿದರು.

ಮೂರನೆಯ ಬಗೆಯದು ಜಾತಿಗಳ ಹೆಸರುಗಳಿಂದಾದ ಬೈಗುಳ. ಅವುಗಳನ್ನು ಬೈಗುಳದ ರೂಪದಲ್ಲಿ ಇಲ್ಲಿ ಬರೆಯಲು ನನಗೆ ಇಷ್ಟವಿಲ್ಲ. ವಾಚಕರಿಗೆ ಅವು ಗೊತ್ತಿಲ್ಲದವಲ್ಲ. ಹೊಲಸಾಗಿ ಇರುವವನಿಗೆ ಒಂದು ಜಾತಿಯ ಹೆಸರು, ಕಳ್ಳನಿಗೆ ಇನ್ನೊಂದು ಜಾತಿಯ ಹೆಸರು, ಒರಟನಿಗೆ ಮತ್ತೊಂದರ ಹೆಸರು. ಇವುಗಳಲ್ಲಿ ಕಳ್ಳತನದ ಬೈಗುಳಕ್ಕೆ ಸರಕಾರದ ಮುದ್ರೆಯೂ ಬಿದ್ದಿತ್ತು. 1871ರಲ್ಲಿ ಬ್ರಿಟಿಷರು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯದೆಯು 1911ರಲ್ಲಿ ಹೊಸ ರೂಪ ತಾಳಿ ಇಡಿಯ ದೇಶಕ್ಕೆ ವ್ಯಾಪಿಸಿತು; ಹುಬ್ಬಳ್ಳಿ, ವಿಜಾಪುರ, ಗದಗುಗಳಲ್ಲಿ ತಂತಿಬೇಲಿಯ ವಸಾಹತುಗಳು ಎದ್ದವು. ಬುಟ್ಟಿ ಹೆಣೆಯುವ, ಬೇಟೆಯಾಡುವ, ಊರೂರು ತಿರುಗುವ ಜನರು ಹುಟ್ಟಿನಿಂದಲೇ ಕಳ್ಳರೆಂದು ದಾಖಲಾದರು. 1952ರ ಆಗಸ್ಟ್ 31ರಂದು ಆ ಕಾಯದೆಯು ರದ್ದಾಗಿ ಅವರು ವಿಮುಕ್ತರೆನಿಸಿಕೊಂಡರು. ಸರಕಾರದ ದಫ್ತರದಿಂದ ಹೋದ ಮಾತು ನಮ್ಮ ನಾಲಿಗೆಯಿಂದ ಹೋಗಲಿಲ್ಲ. ಸಹಕಾರಿ ಸಂಘದ ಹಣವನ್ನು ನುಂಗಿದ ದೊಡ್ಡ ಮನುಷ್ಯನನ್ನು ಬುಟ್ಟಿ ಹೆಣೆಯುವ ಬಡವನ ಜಾತಿಯ ಹೆಸರಿನಿಂದ ಬೈದರೆ, ಹಣ ನುಂಗಿದವನಿಗೆ ಏನು ನಷ್ಟ? ಅವನ ಪಾಪದಲ್ಲಿ ಅರ್ಧಪಾಲನ್ನು ಆ ಬಡವನಿಗೆ ಹಂಚಿಕೊಟ್ಟಂತಾಯಿತು.

ಅಥಣಿ, ಮದಭಾವಿ, ನಿಪ್ಪಾಣಿಗಳ ಚರ್ಮದ ಕೆಲಸಗಾರರ ಮಾತೂ ಇದೇ. ಕೊಲ್ಹಾಪುರಿಯೆಂದು ಪ್ರಸಿದ್ಧವಾದ ಪಾದರಕ್ಷೆಗಳಲ್ಲಿ ಎಷ್ಟೋ ಪಾಲು ಇಲ್ಲಿಯ ಸಮಗಾರ, ಡೋಹರ ಮನೆಗಳಲ್ಲಿ ಸಿದ್ಧವಾಗುವವು. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು. ಅವರ ಮನೆಯ ಹೆಂಗಸರು ಹೆಣೆದ ಚರ್ಮದ ಜಡೆಯನ್ನು ಕಾಲಿಗೆ ಹಾಕಿಕೊಂಡು ಮದುವೆಗೆ ಹೋಗಿ, ಅಲ್ಲಿ ಜಗಳ ಬಂದಾಗ ಅವರ ಜಾತಿಯ ಹೆಸರನ್ನೇ ಬೈಗುಳವಾಗಿ ಎಸೆಯುವವರನ್ನು ನಾನು ಕಂಡಿರುವೆನು.

ಈ ಬೈಗುಳದ ಬೇರನ್ನು ಕಿತ್ತವರು ಬಸವಣ್ಣನವರು. ಕಲ್ಯಾಣದಲ್ಲಿ ಉನ್ನತ ಅಧಿಕಾರದಲ್ಲಿದ್ದ ಅವರು, ತಾವು ಚೆನ್ನಯ್ಯನ ಮನೆಯ ಹಾಗೂ ಕಕ್ಕಯ್ಯನ ಮನೆಯ ಆಳುಗಳ ಮಕ್ಕಳಿಗೆ ಹುಟ್ಟಿದವರೆಂದು ವಚನದಲ್ಲಿ ಹೇಳಿಕೊಂಡರು. ವ್ಯಾಕರಣವು ಬೈಗುಳವೆಂದು ಎಣಿಸಿದ ಜನ್ಮವನ್ನೇ ಅವರು ತಮ್ಮ ಕುಲವೆಂದು ಸ್ವೀಕರಿಸಿದರು. ಉಪಮಾನವು ಕೀಳೆಂಬ ಒಮ್ಮತವನ್ನೇ ಅವರು ಮುರಿದರು. ಆಮೇಲೆ ಆ ಮಾತಿನಿಂದ ಅವರನ್ನು ಬೈಯುವದು ಯಾರಿಗೂ ಸಾಧ್ಯವಾಗಲಿಲ್ಲ. 1925ರ ಏಪ್ರಿಲ್ ತಿಂಗಳಲ್ಲಿ ನಮ್ಮ ನಿಪ್ಪಾಣಿಯಲ್ಲಿಯೇ ಮುಂಬಯಿ ಇಲಾಖೆಯ ಅಸ್ಪೃಶ್ಯರ ಪರಿಷತ್ತು ಡಾಕ್ಟರ್ ಅಂಬೇಡಕರರ ಅಧ್ಯಕ್ಷತೆಯಲ್ಲಿ ನೆರೆಯಿತು. ಅವರ ಮುಂದಾಳ್ತನದಲ್ಲಿ ರಚಿತವಾದ ಸಂವಿಧಾನವು ಹದಿನೇಳನೆಯ ಅನುಚ್ಛೇದದಿಂದ ಅಸ್ಪೃಶ್ಯತೆಯನ್ನು ತೊಡೆದುಹಾಕಿತು; 1989ರ ದೌರ್ಜನ್ಯ ತಡೆ ಕಾಯದೆಯು ಪರಿಶಿಷ್ಟರನ್ನು ಸಾರ್ವಜನಿಕರ ಕಣ್ಣೆದುರಿನಲ್ಲಿ ಜಾತಿಯ ಹೆಸರೆತ್ತಿ ಅವಮಾನಿಸುವದನ್ನು ಅಪರಾಧವೆಂದಿತು. ಇದು ದೊಡ್ಡ ರಕ್ಷಣೆಯೇ ಸರಿ. ಆದರೆ ಆ ಕಲಮುಗಳು ಬೈಯಿಸಿಕೊಳ್ಳುವವನು ಪರಿಶಿಷ್ಟನಾಗಿದ್ದಾಗ ಅನ್ವಯಿಸತಕ್ಕವು. ಮೇಲ್ಜಾತಿಯ ಇಬ್ಬರು ತಮ್ಮತಮ್ಮಲ್ಲಿಯೇ ಆ ಹೆಸರಿನಿಂದ ಬೈದಾಡಿಕೊಂಡು, ಬೇಲಿಯಾಚೆ ಕಳೆ ಕೀಳುತ್ತಿರುವ ಮೂರನೆಯವನು ಅದನ್ನು ಕೇಳಿದರೆ, ಅವನ ಗಾಯಕ್ಕೆ ಅಲ್ಲಿ ಹೆಸರಿಲ್ಲ. ಕಾನೂನು ಮುಟ್ಟದ ಆ ಸ್ಥಳವನ್ನು ಮುಟ್ಟತಕ್ಕದ್ದು ನಮ್ಮ ಮನಸ್ಸಾಕ್ಷಿಯೇ.

ಇದಕ್ಕೆ ಒಂದು ಪೂರ್ವಪಕ್ಷವುಂಟು. 'ಬೈಯುವವನು ಇಷ್ಟೆಲ್ಲ ಅರ್ಥವನ್ನು ಯೋಚಿಸಿ ಬೈಯುವದಿಲ್ಲ. ಶಬ್ದದ ಮೂಲಾರ್ಥವು ಸತ್ತು ರೂಢಾರ್ಥ ಮಾತ್ರ ಉಳಿದಿದೆ. ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವೆಂದು ಶಾಸ್ತ್ರಕಾರರೇ ಹೇಳುವರು' ಎಂದು ಪಂಡಿತರು ವಾದಿಸಬಹುದು. ನಾನೂ ಒಂದು ಕಾಲಕ್ಕೆ ಹೀಗೆಯೇ ಸಮಾಧಾನ ಹೇಳಿಕೊಂಡಿದ್ದೆನು. ಆದರೆ ಅರ್ಥವು ಸತ್ತಿತೇ ಇಲ್ಲವೇ ಎಂಬುದನ್ನು ನಿರ್ಣಯಿಸುವವರು ಯಾರು? ಪಂಕಜವೆಂದಾಗ ಕೆಸರನ್ನು ನಾವು ಮರೆಯುತ್ತೇವೆ, ನಿಜ. ಕೆಸರಿನಲ್ಲಿಯೇ ಇರುವವನು ಮರೆಯಲಾರನು. ಬೈದ ನನಗೆ ಆ ಶಬ್ದವು ಬರಿಯ ಸಿಟ್ಟಿನ ಸದ್ದಾಗಿತ್ತು. ಬೈಯಿಸಿಕೊಂಡ ಹುಡುಗನಿಗೂ ಅಷ್ಟೇ. ಮೂರನೆಯ ಸಾಲಿನ ಹುಡುಗನೊಬ್ಬನಿಗೆ ಮಾತ್ರ ಅದು ಯೋಗಾರ್ಥದಲ್ಲಿಯೇ ಕೇಳಿಸಿತು.

ಇನ್ನು ಕೆಲವರು, 'ಹಾಗಾದರೆ ತಪ್ಪು ಮಾಡಿದವನನ್ನು ಬೈಯಲೇ ಬಾರದೋ?' ಎಂದು ಕೇಳುವರು. ಬೈಯಬೇಕು, ಧಾರಾಳವಾಗಿ ಬೈಯಬೇಕು. ಆದರೆ ಅವನ ಕೃತ್ಯದಿಂದ ಅವನನ್ನು ಬೈಯಬೇಕು. ನಮ್ಮ ಕನ್ನಡವು ಈ ವಿಷಯದಲ್ಲಿ ಬಡ ಭಾಷೆಯಲ್ಲ. ಕಳ್ಳ, ಸುಳ್ಳುಗಾರ, ಲಂಚಕೋರ, ಹೊಟ್ಟೆಬಾಕ, ಮೈಗಳ್ಳ, ಬಾಯಿಬಡುಕ, ಕೃತಘ್ನ, ವಿಶ್ವಾಸಘಾತುಕ, ಉಂಡ ಮನೆಗೆ ಎರಡು ಬಗೆಯುವವ. ಈ ಮಾತುಗಳು ತಪ್ಪು ಮಾಡಿದವನಿಗೇ ನಾಟುವವು, ಬದಿಯಲ್ಲಿ ನಿಂತ ಯಾರನ್ನೂ ಸವರುವದಿಲ್ಲ. ಇನ್ನೂ ಹೇಳಬೇಕಾದರೆ ಇವುಗಳ ಪೆಟ್ಟೇ ಹೆಚ್ಚು; ಏಕೆಂದರೆ ಇವು ನಿಜ. ಲಂಚ ತಿಂದವನಿಗೆ 'ಬೋಳಿಮಗ' ಎಂದರೆ ಅದು ಸುಳ್ಳೆಂದು ಅವನಿಗೆ ಗೊತ್ತಿರುವದರಿಂದ ಸಿಟ್ಟಾಗುವನೇ ಹೊರತು ನಾಚುವದಿಲ್ಲ. 'ಲಂಚಕೋರ' ಎಂದರೆ ಕಣ್ಣು ತಪ್ಪಿಸುವನು.

ಹೆಸರುಗಳನ್ನು ಬದಲಿಸಿದರೆ ಸಾಕೆಂದು ತಿಳಿದವರೂ ಉಂಟು. ಕುರುಡ, ಕುಂಟ ಎಂಬವು ಹೋಗಿ ಅಂಗವಿಕಲರೆಂಬುದು ಬಂದಿತು. ಅದೂ ಹಳತಾಗಿ ವಿಕಲಚೇತನರೆಂಬುದು ಬಂದಿತು. ಇದರಲ್ಲಿ ಸದ್ಭಾವನೆಯುಂಟು, ಬೇಡವೆನ್ನಲಾಗದು. ಆದರೆ ಶಾಲೆಯ ಹುಡುಗರು ಹೊಸ ಶಬ್ದವನ್ನೂ ಒಂದೆರಡು ವರ್ಷಗಳಲ್ಲಿ ಅಣಕದ ಮಾತಾಗಿ ಮಾಡುವದನ್ನು ಪ್ರತಿಯೊಬ್ಬ ಮಾಸ್ತರನೂ ಕಂಡಿರುವನು. ಒಮ್ಮತವು ಉಳಿದರೆ ಉಪಮಾನದ ಹೆಸರು ಯಾವದಾದರೇನು?

ಆ ಒಮ್ಮತವು ಹುಟ್ಟುವ ಸ್ಥಳವು ಶಾಲೆಯೂ ಅಲ್ಲ, ಸಂತೆಯೂ ಅಲ್ಲ. ನಮ್ಮ ನಿಮ್ಮಂಥವರ ಪಡಸಾಲೆ. ಮಗುವು ಅರ್ಥ ತಿಳಿಯುವ ಮೊದಲೇ ತಂದೆಯ, ಕಾಕನ, ಮಾವನ ಬಾಯಿಂದ ಧ್ವನಿಯನ್ನು ಕಲಿಯುವದು. ಯಾವ ಜನರನ್ನು ಹೇಸಬೇಕೆಂಬುದನ್ನು ಆ ಧ್ವನಿಯೊಡನೆಯೇ ಕಲಿಯುವದು. ನಾನು ಆ ಶಬ್ದವನ್ನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಮಡಿ ಅಜ್ಜಿಯು ಅನ್ನ ಬಸಿಯುತ್ತಿದ್ದ ಮನೆಯಲ್ಲಿಯೇ ಕಲಿತೆನು.

ಆ ತಾಯಿಯ ಮಾತನ್ನು ಕೇಳಿದ ಮೇಲೆ ನಾನು ಇಪ್ಪತ್ತೈದು ವರ್ಷ ಪಾಠ ಹೇಳಿದೆನು. ಹುಡುಗರನ್ನು ಬೈಯದೆ ಇದ್ದೆನೆಂದು ಹೇಳಿದರೆ ಸುಳ್ಳಾಗುವದು. ಆದರೆ ಬೈಯುವ ಮೊದಲು ಮೂರನೆಯ ಸಾಲಿನ ಕಡೆಗೆ ಒಮ್ಮೆ ನೋಡುವ ಅಭ್ಯಾಸವಾಯಿತು. ವಾಚಕ ಮಹಾಶಯರೂ ತಮ್ಮ ಮನೆಗಳಲ್ಲಿ ಹಾಗೆ ಒಮ್ಮೆ ನೋಡಬೇಕೆಂದು ಬಿನ್ನವಿಸಿಕೊಂಡು ಈ ಲೇಖನವನ್ನು ಮುಗಿಸುವೆನು.